ವೀರಗಲ್ಲನ್ನು ನೆಡುವವರು

ಕೆರೆಯ ಏರಿಯ ಮೇಲೋ, ಹಾಳುಗುಡಿಯ ಅಂಗಳದಲ್ಲೋ, ಅರ್ಧ ಹೂತು ಅರ್ಧ ಒರಗಿ ನಿಂತಿರುವ ವೀರಗಲ್ಲನ್ನು ಕಾಣದ ಕನ್ನಡಿಗರು ವಿರಳ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳಿರುತ್ತವೆ: ಕೆಳಗೆ ಕಾಳಗ, ನಡುವೆ ಮಡಿದವನನ್ನು ಮೇಲಕ್ಕೊಯ್ಯುವ ದೇವಾಂಗನೆಯರು, ತುದಿಯಲ್ಲಿ ಲಿಂಗದ ಸನ್ನಿಧಿ ಮತ್ತು ಸೂರ್ಯಚಂದ್ರರು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಶಾಸನಗಳು ಕರೆಯುವ ಆಪತ್ತುಗಳಲ್ಲಿ, ಎಂದರೆ ದನಗಳ ಮಂದೆಯನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಊರು ಸುಲಿಗೆಗೆ ಸಿಕ್ಕಾಗ, ಹೆಂಗಸರ ಮೊರೆ ಕಿವಿಗೆ ಬಿದ್ದಾಗ, ಕೈಗೆ ಸಿಕ್ಕ ಆಯುಧವನ್ನು ಹಿಡಿದು ಅಡ್ಡ ನಿಂತವರಲ್ಲಿ ಅನೇಕರು ಅರಸರಲ್ಲ, ಸಾಮಂತರೂ ಅಲ್ಲ. ಅವರಲ್ಲಿ ಯಾರೂ ತಮ್ಮ ಕಲ್ಲನ್ನು ತಾವು ನೆಟ್ಟುಕೊಂಡವರಲ್ಲವೆಂಬ ಮಾತು ತೀರ ಸರಳವಾದದ್ದು. ಆದರೂ ವೀರನ ಲಕ್ಷಣವನ್ನು ಹೇಳಹೊರಟವರು ಬಹುಮಟ್ಟಿಗೆ ಮರೆಯುವುದು ಇದನ್ನೇ. ಕಲ್ಲು ನೆಟ್ಟವರು ಉಳಿದವರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು (ಕ್ರಿ.ಶ. 949-50) ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯನ್ನು ಸ್ಮರಿಸುತ್ತದೆ; ಯುದ್ಧದಲ್ಲಿ ತಾನು ತೋರಿದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಆ ನಾಯಿಯನ್ನೇ ಬೇಡಿ ಪಡೆದಿದ್ದ ಮಣಲೆರನು ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದಾನಬಿಟ್ಟನು. ಕೃತಜ್ಞತೆಗೆ ಕುಲವೂ ಇಲ್ಲ, ಜಾತಿಯೂ ಇಲ್ಲ.

ನಮ್ಮ ಆಲಂಕಾರಿಕರು ಈ ವಿಷಯವನ್ನು ಬೇರೊಂದು ದಿಕ್ಕಿನಿಂದ ನೋಡಿದರು. ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ ಎಂದು ನಾಲ್ಕು ಬಗೆಯನ್ನು ವಿಶ್ವನಾಥನ ಸಾಹಿತ್ಯದರ್ಪಣ ಹೇಳುತ್ತದೆ. ಅದಕ್ಕಿಂತಲೂ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಅವರು ಮಾಡಿದ ಇನ್ನೊಂದು ವಿವೇಚನೆ: ರೌದ್ರರಸಕ್ಕೆ ಸ್ಥಾಯಿ, ಎಂದರೆ ನೆಲೆನಿಂತ ಭಾವ, ಕ್ರೋಧ, ವೀರರಸಕ್ಕೆ ಸ್ಥಾಯಿ ಉತ್ಸಾಹ. ಹೊಡೆಯುವವನಲ್ಲಿ ಎರಡೂ ಒಂದೇ ಬಗೆಯಾಗಿ ಕಾಣಬಹುದು. ಒಳಗಿನ ಕಿಚ್ಚು ಮಾತ್ರ ಬೇರೆ. ಕ್ರೋಧವು ಶತ್ರುವನ್ನು ನೋಡುತ್ತದೆ, ಉತ್ಸಾಹವು ಕಾರ್ಯವನ್ನು ನೋಡುತ್ತದೆ.

ಈ ಭೇದವನ್ನು ಪುಸ್ತಕದಿಂದ ಹೊರಗೆ, ನೆಲದ ಮೇಲೆ ಕಾಣಬೇಕಾದರೆ ಬಿಳಿಗಿರಿರಂಗನ ಬೆಟ್ಟದಿಂದ ಪೂರ್ವಕ್ಕೆ, ಕೊಳ್ಳೇಗಾಲ ಹನೂರುಗಳನ್ನು ದಾಟಿ, ಕಾವೇರಿಯ ಕಡೆಗೆ ಇಳಿಯುವ ಕಾಡುದಾರಿಯಲ್ಲಿ ಗೋಪಿನಾಥಂವರೆಗೆ ಹೋಗಬೇಕು. ಆನೆದಂತ ಮತ್ತು ಗಂಧದ ಮರಗಳ ಕಳ್ಳಸಾಗಣೆಯಿಂದ ತೊಡಗಿ ನೂರಕ್ಕೂ ಹೆಚ್ಚು ಜನರ ಪ್ರಾಣವನ್ನು ತೆಗೆದ ವೀರಪ್ಪನ್‌ನ ಊರು ಅದು. ಅರಣ್ಯಾಧಿಕಾರಿಯಾಗಿದ್ದ ಪಿ. ಶ್ರೀನಿವಾಸ್ ಅವರು 1986ರಲ್ಲಿ ಅವನನ್ನು ಹಿಡಿದಿದ್ದರು, ಅವನು ತಪ್ಪಿಸಿಕೊಂಡನು. ಆಮೇಲೆ ಅವರು ಕೈಗೊಂಡ ಮಾರ್ಗ ಬಂದೂಕಿನವರ ಮಾರ್ಗವಲ್ಲ. ಗೋಪಿನಾಥಂನಲ್ಲಿಯೇ ವಾಸಮಾಡಿ, ಊರಿನವರಿಗೆ ಔಷಧ, ಕುಡಿಯುವ ನೀರು, ಮನೆ ಇವುಗಳಿಗಾಗಿ ದುಡಿದು, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟು, ಕಾಡುಗಳ್ಳತನದ ಜೀತದಿಂದ ಒಬ್ಬೊಬ್ಬರನ್ನಾಗಿ ಬಿಡಿಸತೊಡಗಿದರು. ಶರಣಾಗತನಾಗುತ್ತೇನೆ, ನಿರಾಯುಧರಾಗಿ ಬನ್ನಿರಿ ಎಂಬ ಸಂದೇಶವನ್ನು ನಂಬಿ, 1991ರ ನವೆಂಬರ್ 10ರಂದು ಬರಿಗೈಯಲ್ಲಿ ಕಾಡಿಗೆ ನಡೆದ ಅವರನ್ನು ವೀರಪ್ಪನ್ ಕೊಂದು ಶಿರಚ್ಛೇದಮಾಡಿದನು. ಆಗ ಅವರಿಗೆ ಮೂವತ್ತೇಳು ವರ್ಷ. ಸರ್ಕಾರವು ಮರಣೋತ್ತರವಾಗಿ ಕೀರ್ತಿಚಕ್ರವನ್ನು ಕೊಟ್ಟಿತು.

ನಂಬಿದ್ದು ಅವಿವೇಕವಲ್ಲವೆ ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಊರಿನವರ ನಂಬಿಕೆಯನ್ನು ಗಳಿಸುವುದೇ ತನ್ನ ಕಾರ್ಯವೆಂದು ವರ್ಷಗಟ್ಟಲೆ ದುಡಿದವನಿಗೆ, ಆ ನಂಬಿಕೆಯನ್ನು ಪರೀಕ್ಷಿಸುವ ದಿನ ಬಂದಾಗ ಮಾತ್ರ ಬಂದೂಕನ್ನು ಹೊತ್ತು ಹೋಗುವುದು ಸಾಧ್ಯವಿತ್ತೇ? ಅಷ್ಟು ದಿನ ಆಡಿದ ಮಾತೆಲ್ಲ ಅಂದು ಸುಳ್ಳಾಗುತ್ತಿತ್ತು. ಅವರನ್ನು ಕೊಂದವನನ್ನು ಕುರಿತು ಬಡವರ ಬಂಧುವೆಂದೂ ಕಾಡಿನ ವೀರನೆಂದೂ ಹೊಗಳುವ ಮಾತುಗಳನ್ನು ನಾನೂ ಕೇಳಿದ್ದೇನೆ, ಒಪ್ಪಲಾರೆ. ಹೆದರಿಕೆಯಿಂದ ಹುಟ್ಟುವ ಮೌನ ಒಂದು, ಪ್ರೀತಿಯಿಂದ ಉಳಿಯುವ ನೆನಪು ಇನ್ನೊಂದು. ಅವನನ್ನು ಹಿಡಿಯಲು ಬೇಟೆ ನಡೆದ ಕಾಲದಲ್ಲಿ ಪೊಲೀಸರ ಕೈಯಲ್ಲಿಯೂ ಈ ಗುಡ್ಡಗಳ ಜನ ನೊಂದರು, ಅದರ ವಿಚಾರಣೆಗಾಗಿ ಸದಾಶಿವ ಆಯೋಗವೇ ನೇಮಕವಾಗಬೇಕಾಯಿತು. ಕ್ರೋಧವು ಯಾವ ಸಮವಸ್ತ್ರವನ್ನು ತೊಟ್ಟರೂ ಕ್ರೋಧವೇ. ಶ್ರೀನಿವಾಸರ ಭಾವಚಿತ್ರವನ್ನಾದರೋ ಮಾರಿಯಮ್ಮನ ಗುಡಿಯಲ್ಲಿ ಇರಿಸಿಕೊಂಡವರು ಆ ಊರಿನವರು, ಕೊಂದವನ ಊರಿನವರು. ಆ ಚಿತ್ರಪಟವು ಈ ಕಾಲದ ವೀರಗಲ್ಲು.

ಆದರೆ ವೀರಗಲ್ಲಿನಲ್ಲಿ ಒಂದು ಕೊರತೆ ಇದೆ: ಅದು ಸತ್ತವರಿಗೆ ಮಾತ್ರ. ಒಂದು ಗಳಿಗೆಯ ಧೈರ್ಯವನ್ನು ಕಲ್ಲಿನಲ್ಲಿ ಕಂಡರಿಸಬಹುದು, ನಲವತ್ತು ವರ್ಷದ ಧೈರ್ಯವನ್ನು ಯಾವ ಅಂತಸ್ತಿನಲ್ಲಿ ತೋರಿಸುವುದು? ತಂದೆ ಹಳ್ಳಿಯಲ್ಲಿ ವೈದ್ಯಸಹಾಯವಿಲ್ಲದೆ ತೀರಿಕೊಂಡದ್ದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಕಂಡ ಎಚ್. ಸುದರ್ಶನ್ ಅವರು ಬೆಂಗಳೂರಿನಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರು; 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆರಂಭವಾಯಿತು. ಮೊದಮೊದಲು ಹೊರಗಿನವರನ್ನು ಕಂಡರೆ ಆ ಬೆಟ್ಟದ ಗಿರಿಜನರಾದ ಸೋಲಿಗರು ಕಾಡಿನೊಳಕ್ಕೆ ಸರಿದುಬಿಡುತ್ತಿದ್ದರು. ಕಾಯಬೇಕಾಯಿತು. ಹಾವು ಕಚ್ಚಿದವರು, ಕರಡಿಯ ಉಗುರಿಗೆ ಸಿಕ್ಕಿದವರು ಗುಡಿಸಲಿನ ಆಸ್ಪತ್ರೆಗೆ ಬರುವಂತಾದದ್ದು ಕಾದವನ ತಾಳ್ಮೆಯಿಂದ. ಕಾಲಾಂತರದಲ್ಲಿ ಯಳಂದೂರಿನ ಕುಷ್ಠರೋಗಿಗಳ ಶುಶ್ರೂಷೆಗಾಗಿ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1994ರಲ್ಲಿ ಸ್ವೀಡನ್ ದೇಶದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬೆಟ್ಟವನ್ನು ಹುಡುಕಿಕೊಂಡು ಬಂದಿತು.

ಪ್ರಶಸ್ತಿಗಿಂತ ಸೋಲಿಗರ ಒಂದು ರೂಢಿಯನ್ನು ನಾನು ಹೆಚ್ಚಾಗಿ ನೆನೆಯುತ್ತೇನೆ. ಬೆಟ್ಟದ ಒಡೆಯನಾದ ರಂಗಸ್ವಾಮಿಯು ತಮ್ಮ ಕುಲದ ಕುಸುಮಾಲೆಯನ್ನು ಮದುವೆಯಾದನಾದ್ದರಿಂದ ಅವನು ಅವರಿಗೆ ರಂಗಭಾವ. ರಾತ್ರಿಯೆಲ್ಲ ಕಾಡು ಸುತ್ತುವ ಆ ಭಾವನ ಕಾಲಿಗೆ ಮುಳ್ಳು ತಾಗದಿರಲೆಂದು ದೊಡ್ಡ ಚರ್ಮದ ಪಾದರಕ್ಷೆಗಳನ್ನು ಗುಡಿಗೆ ಒಪ್ಪಿಸುವ ಪದ್ಧತಿ ಇಂದಿಗೂ ಉಂಟು. ದೊಡ್ಡವನಾದವನನ್ನು ದೂರದ ಪೀಠದಲ್ಲಿ ಕೂರಿಸದೆ ನಂಟನನ್ನಾಗಿ ಮಾಡಿಕೊಳ್ಳುವ ಜನ ಇವರು. ನಂಟನಾದ ಮೇಲೆ ಅವನು ಮಾಡಿದ್ದು ಉಪಕಾರವಲ್ಲ, ಅವನಿಗೆ ನಾವು ಋಣಿಗಳಾಗಿ ಬಾಗಿ ನಿಲ್ಲಬೇಕಾದದ್ದೂ ಇಲ್ಲ.

ಬಾಗಿ ನಿಲ್ಲಲಿಲ್ಲವೆಂಬುದಕ್ಕೆ ಸಾಕ್ಷಿ 2011. ಆ ವರ್ಷದ ಆರಂಭದಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ತಲೆತಲಾಂತರದಿಂದ ಜೇನು, ನೆಲ್ಲಿ, ಪಾಚಿಗಳನ್ನು ಆಯ್ದುಕೊಂಡು ಬಂದವರ ಬಾಳು ಅತಂತ್ರವಾಗುವಂತಿತ್ತು. ಸೋಲಿಗರು ತಮ್ಮ ಸಂಘವನ್ನು ಮುಂದಿಟ್ಟುಕೊಂಡು, ಪೋಡು ಎಂದು ಕರೆಯುವ ತಮ್ಮ ಹಾಡಿಹಾಡಿಗಳಲ್ಲಿ ಗ್ರಾಮಸಭೆ ಸೇರಿಸಿ, ಕಾನೂನಿನ ಅಕ್ಷರವನ್ನು ತಾವೇ ಓದಿ, ಅದೇ ವರ್ಷ ಸಮುದಾಯದ ಅರಣ್ಯಹಕ್ಕನ್ನು ಪಡೆದುಕೊಂಡರು. ಹುಲಿಯ ಕಾಡಿನಲ್ಲಿ ಅಂತಹ ಹಕ್ಕು ದೊರೆತದ್ದು ಭಾರತದಲ್ಲಿ ಅದೇ ಮೊದಲು.

ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯಲ್ಲಿ ಶುಶ್ರೂಷೆಯ ಶಿಕ್ಷಣ ಪಡೆದವರಲ್ಲಿ ಸೋಲಿಗರ ಹೆಣ್ಣುಮಕ್ಕಳೂ ಇದ್ದಾರೆ. ಅವರಲ್ಲೊಬ್ಬಳು ಮಳೆಗಾಲದ ಬೆಳಿಗ್ಗೆ ಲಂಟಾನದ ಪೊದೆಗಳ ನಡುವಿನ ಕಾಲುದಾರಿಯಲ್ಲಿ, ಹೆಗಲಲ್ಲಿ ಔಷಧದ ಚೀಲವನ್ನು ತೂಗಿಹಾಕಿಕೊಂಡು, ಆನೆಯ ಹೆಜ್ಜೆ ಹಸಿಯೋ ಒಣಗಿದ್ದೋ ಎಂದು ಬಗ್ಗಿ ನೋಡಿ ಮುಂದಿನ ಪೋಡಿಗೆ ನಡೆಯುತ್ತಾಳೆ. ಅಲ್ಲಿ ಬಾಗಿಲಲ್ಲಿ ಕಾಯುತ್ತಿರುವ ಬಾಣಂತಿ ಅವಳನ್ನು ಕರೆಯುವುದು ಅಕ್ಕ ಎಂದು.