ಚಹದ ಬೆಟ್ಟದಲ್ಲಿ ನೆಲೆ ಕಾಣದವರು

ಶ್ರೀಲಂಕಾ ಎಂದೊಡನೆ ನಮಗೆ ಚಹದ ನೆನಪಾಗುತ್ತದೆ. 1972ರವರೆಗೆ ಸಿಲೋನ್ ಎಂದೇ ಹೆಸರಾಗಿದ್ದ ಆ ದ್ವೀಪದ ಬೆಟ್ಟಗಳನ್ನು ಬ್ರಿಟಿಷರ ಕಾಲದಲ್ಲಿ ಮೊದಲು ಆಳಿದ ಬೆಳೆ ಮಾತ್ರ ಚಹವಲ್ಲ. ನಮ್ಮವರಿಗೆ ಪ್ರಾಣಪ್ರಿಯವಾದ ಕಾಫಿ! 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಆ ತೋಟಗಳನ್ನು ನಿರ್ನಾಮಗೊಳಿಸಿತು. ಅದಕ್ಕೆ ಎರಡು ವರ್ಷ ಮೊದಲೇ ಕ್ಯಾಂಡಿಯ ಸಮೀಪದಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 19 ಎಕರೆಗಳಲ್ಲಿ ಚಹದ ಗಿಡಗಳನ್ನು ನೆಟ್ಟಿದ್ದನು. ಕಾಫಿಯನ್ನು ಕಳೆದುಕೊಂಡ ತೋಟದ ಒಡೆಯರು ಆತನ ದಾರಿಯನ್ನೇ ಹಿಡಿದರು.

ಕಾಫಿಯ ಕೊಯ್ಲಿಗೆ ವರ್ಷದ ಕೆಲವು ತಿಂಗಳು ಆಳುಗಳಿದ್ದರೆ ಸಾಕು. ಚಹದ ಚಿಗುರನ್ನಾದರೋ ವರ್ಷವಿಡೀ, ಹೆಚ್ಚುಕಡಿಮೆ ವಾರಕ್ಕೊಮ್ಮೆ ಚಿವುಟುತ್ತಿರಬೇಕು. ಆದುದರಿಂದ ತಮಿಳುನಾಡಿನ ಬಡ ಹಳ್ಳಿಗಳಿಂದ ಕಂಗಾಣಿಗಳೆಂಬ ಮೇಸ್ತ್ರಿಗಳು ಕರೆತಂದ ಜನರು ಸಂಸಾರಸಮೇತರಾಗಿ ಬೆಟ್ಟದಲ್ಲಿಯೇ ಉಳಿದರು. ತಲೆಯ ಮೇಲೆ ಮುಂಗಡದ ಸಾಲ, ವಾಸಕ್ಕೆ ಒಂದು ಕೋಣೆಯ ಲೈನುಮನೆ. ಮಕ್ಕಳೂ ಮೊಮ್ಮಕ್ಕಳೂ ಅಲ್ಲಿಯೇ ಹುಟ್ಟಿದರು.

1948ರಲ್ಲಿ ದೇಶ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವದ ಶಾಸನವು ಇವರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಬೆನ್ನಲ್ಲಿಯೇ ಮತದಾನದ ಹಕ್ಕೂ ಹೋಯಿತು. ಎಂತಹ ವಿಚಿತ್ರ ನೋಡಿ! ವಿದೇಶೀ ಹಣದ ದೊಡ್ಡ ಪಾಲನ್ನು ತರುತ್ತಿದ್ದುದು ಚಹ. ಅದನ್ನು ಬಿಡಿಸುವ ಹೆಂಗಸು ಮಾತ್ರ ಆ ನಾಡಿಗೆ ಪರಕೀಯಳು.

1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಿಕೆಯವರೂ ಒಂದು ಒಪ್ಪಂದಕ್ಕೆ ಬಂದರು. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯ ಮಾತು ಮುಂದಕ್ಕೆ. ಮನುಷ್ಯರನ್ನು ತೆಂಗಿನಕಾಯಿಗಳಂತೆ ಎಣಿಸಿ ಹಂಚಿಕೊಂಡ ಈ ಲೆಕ್ಕವನ್ನು ಓದುವಾಗ ಇಂದಿಗೂ ಮನಸ್ಸು ಮುದುಡುತ್ತದೆ. ಹೀಗೆ ಬಂದವರಲ್ಲಿ ಕೆಲವು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರು ತೋಟಗಳನ್ನು ಸೇರಿದುವು. ಅಲ್ಲಿಯೇ ಉಳಿದು ಪೌರತ್ವ ಕಾಣದವರಿಗೆ ಅದು ದೊರೆಯಲು 2003ರ ಶಾಸನವೇ ಬರಬೇಕಾಯಿತು.

ಪೌರತ್ವ ಬಂದರೂ ಬದುಕು ಬುಟ್ಟಿಯ ತೂಕಕ್ಕೇ ಕಟ್ಟಿಬಿದ್ದಿತ್ತು. 2021ರಲ್ಲಿ ಸರ್ಕಾರವು ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿತು. ಕೆಲವೇ ತಿಂಗಳುಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಂಡರೂ ಬೆಳೆಗೆ ಪೆಟ್ಟು ಬಿದ್ದಾಗಿತ್ತು. 2022ರ ಏಪ್ರಿಲ್‌ನಲ್ಲಿ ದೇಶವು ವಿದೇಶೀ ಸಾಲದ ಮರುಪಾವತಿಯನ್ನೇ ನಿಲ್ಲಿಸಿತು. ಪತ್ರಿಕೆಗಳ ತುಂಬ ಕೊಲಂಬೋದ ಪೆಟ್ರೋಲಿನ ಸಾಲುಗಳ ಚಿತ್ರಗಳೇ! ಬೆಟ್ಟದ ಮೇಲಿನ ಕಷ್ಟಕ್ಕೆ ಅಂತಹ ಸಾಲುಗಳಿರಲಿಲ್ಲ. ಹೆಸರಿಗೆ ದಿನಗೂಲಿ, ಗೊತ್ತುಪಡಿಸಿದಷ್ಟು ಕಿಲೋ ಎಲೆ ತುಂಬದಿದ್ದರೆ ಅದರಲ್ಲಿಯೂ ಕಡಿತ. ಗೊಬ್ಬರ ಕಾಣದ ಗಿಡದಲ್ಲಿ ಚಿಗುರು ವಿರಳ. ಚಿಗುರಿಲ್ಲದ ದಿನ ಬುಟ್ಟಿ ತುಂಬದು.