ಅಂಗಳದಲ್ಲಿ ಕುಳಿತುಕೊಳ್ಳಲು ಎಂಥದ್ದು ಬೇಕು?

ಹೋದ ವರ್ಷ ಯುಗಾದಿಯ ಮರುದಿನ ಸಂಜೆ ನಮ್ಮ ಅತ್ತೆಯವರು ಅಂಗಳದಲ್ಲಿ ಕುರ್ಚಿಯಿಂದ ಬಿದ್ದರು. ಪ್ಲಾಸ್ಟಿಕ್ ಕುರ್ಚಿ, ಕೊಂಡು ಮೂರು ವರ್ಷವೂ ಆಗಿರಲಿಲ್ಲ. ಅತ್ತೆಯವರೇನೂ ದಪ್ಪನೆಯವರಲ್ಲ. ಸುಮ್ಮನೆ ಹಿಂದಕ್ಕೆ ಒರಗಿದರು, ಹಿಂದಿನ ಕಾಲು ಬುಡದಲ್ಲಿ ಹಪ್ಪಳದ ಹಾಗೆ ಪಟ್ಟನೆ ಮುರಿಯಿತು. ಪುಣ್ಯಕ್ಕೆ ಸೊಂಟ ಉಳಿಯಿತು. ಮುಂಗೈ ಮೂಳೆ ಬಿರಿದು ಆರು ವಾರ ಕಟ್ಟು ಹಾಕಿಸಬೇಕಾಯಿತು. ಆಸ್ಪತ್ರೆಯಿಂದ ಬಂದವರೇ ಕೇಳಿದ ಮೊದಲ ಮಾತು: “ಇನ್ನ ಹೊರಗ ಕುಂದರಬ್ಯಾಡ ಅಂತೀ ಏನವಾ ನೀನು?”

ಆ ಪ್ರಶ್ನೆಗೆ ನನ್ನ ಕರುಳು ಚುರುಕ್ ಎಂದಿತು. ವಯಸ್ಸಾದ ಹೆಂಗಸಿಗೆ ಊರು, ಸುದ್ದಿ, ನಗು ಎಲ್ಲವೂ ಸಂಜೆ ಅಂಗಳದಲ್ಲಿ ಕುಳಿತರೆ ತಾನೇ ಸಿಗುವುದು? ಒಳಗೆ ಕೂರಿಸಿದರೆ ಅವರ ಪಾಲಿಗೆ ಬಾಗಿಲು ಹಾಕಿದಂತೆಯೇ. ಹಾಗಾಗಿ ಈ ಸಲ ಅಂಗಡಿಗೆ ಓಡುವ ಮೊದಲು ನಾಲ್ಕು ಜನರನ್ನು ಕೇಳಿ, ನೋಡಿ, ಯೋಚಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ನೀಲಗುಂದ. ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಎಂದು ನಮ್ಮ ಜಿಲ್ಲೆ ಬದಲಾಗುತ್ತ ಬಂದಿದೆ, ಬಿಸಿಲು ಮಾತ್ರ ಬದಲಾಗಿಲ್ಲ! ಶಿರಸಿಯಲ್ಲಿರುವ ನನ್ನ ತಂಗಿಗೆ ಮರ ಕೊಳೆಯುವ ಚಿಂತೆ, ಅಲ್ಲಿ ಮಳೆಯೇ ವೈರಿ. ನಮಗೆ ವೈರಿಗಳು ಬಿಸಿಲು ಮತ್ತು ಗೆದ್ದಲು. ಅವಳಿಗೆ ಒಗ್ಗಿದ ಸಾಮಾನು ನನಗೆ ಒಗ್ಗಬೇಕೆಂದಿಲ್ಲ.

ಪ್ಲಾಸ್ಟಿಕ್ ಕುರ್ಚಿ ಮುರಿದದ್ದೂ ಬಿಸಿಲಿನಿಂದಲೇ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಬಂಧವನ್ನು ಒಳಗಿಂದೊಳಗೇ ಕಡಿಯುತ್ತವೆ. ನೋಡಲು ಕುರ್ಚಿ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಕೈಯಿಂದ ಒರೆಸಿದರೆ ಸುಣ್ಣದಂಥ ಬಿಳಿ ಪುಡಿ ಅಂಟುತ್ತದೆ, ಕಾಲು ಕೂಡುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಇವೆರಡರಲ್ಲಿ ಒಂದು ಕಂಡರೂ ಆ ಕುರ್ಚಿಯಲ್ಲಿ ಹಿರಿಯರನ್ನೂ ಬಸುರಿಯರನ್ನೂ ಕೂರಿಸಬೇಡಿ. ನಾನು ಆ ಪುಡಿಯನ್ನು ಎಷ್ಟು ಸಲ ಧೂಳೆಂದು ಒರೆಸಿದ್ದೆನೋ! ಬಿಸಿಲು ತಡೆಯುವ ಔಷಧ ಬೆರೆಸಿದ ಕುರ್ಚಿಗಳೂ ಇವೆ, ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೂ ಕೆಲಸ ಮುಗಿದ ಮೇಲೆ ನೆರಳಿಗೆ ಎಳೆದಿಡುವುದೇ ಒಳ್ಳೆಯದು.

ಮುಂದೆ ಕಲ್ಲು. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಸ್ಥಾನ ನಮ್ಮೂರಲ್ಲೇ ಇರುವಾಗ ಕಲ್ಲಿನ ಬಾಳಿಕೆಯ ಬಗ್ಗೆ ಬೇರೆಯವರು ಹೇಳಬೇಕೆ? ಆ ಕಾಲದ ದೇವಸ್ಥಾನಗಳ ತೆರೆದ ಮಂಟಪಗಳಲ್ಲಿ ಬೆನ್ನು ಒರಗಿಸಲು ವಾಲಿಸಿದ ಕಲ್ಲಿನ ಆಸನ, ಕಕ್ಷಾಸನ ಎನ್ನುತ್ತಾರಲ್ಲ, ಅದನ್ನು ನೋಡಿದ್ದೀರಾ? ಬರೀ ಚಪ್ಪಡಿ ಹಾಕಿ ಸುಮ್ಮನಾಗದೆ ಬೆನ್ನಿನ ಯೋಚನೆಯನ್ನೂ ಮಾಡಿದ್ದಾರೆ. ಈಗಿನ ನಮ್ಮ ಸಿಮೆಂಟು ಬೆಂಚುಗಳಿಗೆ ಆ ಬುದ್ಧಿ ಇಲ್ಲ.

ಅಂಗಳಕ್ಕಾದರೆ ಗ್ರಾನೈಟ್ ಚಪ್ಪಡಿ ಒಳ್ಳೆಯದು. ಕಡಪಾ ಕಲ್ಲು ಅಗ್ಗ, ಆದರೆ ಅದು ಸುಣ್ಣದ ಕಲ್ಲಿನ ಜಾತಿ. ಅದರ ಮೇಲೆ ಕುಳಿತು ಮಾವಿನಕಾಯಿ ಹೆಚ್ಚಿದರೆ, ನಿಂಬೆಹುಳಿ ಚೆಲ್ಲಿದರೆ ಬಿಳಿಯ ಕಲೆ ಬಿದ್ದು ಉಳಿದುಬಿಡುತ್ತದೆ. ಅದು ಕಲೆಯಲ್ಲ, ಹುಳಿ ಕಲ್ಲನ್ನೇ ತಿಂದ ಗುರುತು. ಗ್ರಾನೈಟಿಗೆ ಈ ಕಾಟವಿಲ್ಲ. ಆದರೆ ಯಾವ ಕಲ್ಲೇ ಆಗಲಿ, ಹಗಲೆಲ್ಲ ಕುಡಿದ ಬಿಸಿಯನ್ನು ಸಂಜೆ ನಿಧಾನವಾಗಿ ಬಿಡುತ್ತದೆ. ನಮ್ಮ ಏಪ್ರಿಲ್ ತಿಂಗಳಲ್ಲಿ ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ. ಕಲ್ಲಿನ ಬೆಂಚು ಹಾಕಿಸುವುದಾದರೆ ಪಡುವಣ ಬಿಸಿಲು ಬೀಳದ ಜಾಗ ನೋಡಿ. ಇನ್ನೊಂದು ಮಾತು ಮರೆಯಬೇಡಿ: ಎರಡು ಕಲ್ಲುಗಳ ಮೇಲೆ ಚಪ್ಪಡಿಯನ್ನು ಬರಿದೇ ಇಡಿಸಬೇಡಿ. ಮಕ್ಕಳು ತುದಿಗೆ ಜೋತುಬಿದ್ದರೆ ಅಷ್ಟು ಭಾರ ಅವರ ಕಾಲ ಮೇಲೆಯೇ. ಗಾರೆ ಹಾಕಿ ಕೂರಿಸಲೇಬೇಕು.

ಕಬ್ಬಿಣದ ಕುರ್ಚಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿರುತ್ತದೆ, ಪೈಪು ಒಳಗಿನಿಂದ ತುಕ್ಕು ತಿನ್ನುತ್ತದೆ. ಕಾಲಿನ ತುದಿಯ ರಬ್ಬರ್ ಬುಷ್ ಬಿದ್ದುಹೋದರೆ ನೆಲದ ನೀರು, ಮಣ್ಣು ಒಳಗೇರುತ್ತದೆ. ಬುಷ್‌ಗೆ ಹೆಚ್ಚು ಹಣವೇನೂ ಬೀಳುವುದಿಲ್ಲ, ತಕ್ಷಣ ಹಾಕಿಸಿ. ಬಣ್ಣ ಎದ್ದಲ್ಲಿ ಉಪ್ಪುಕಾಗದದಿಂದ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಎನಾಮೆಲ್ ಬಳಿದರೆ ಸಾಕು. ಬೆತ್ತ, ಬಿದಿರು ಚಂದವೇನೋ ಹೌದು, ಆದರೆ ಪಡಸಾಲೆಗೆ ಸರಿ, ಬಯಲಿಗಲ್ಲ.

ಕಡೆಗೆ ನಾವು ಮರಕ್ಕೇ ಬಂದೆವು. ತೇಗದಲ್ಲಿ ತನ್ನದೇ ಎಣ್ಣೆ ಇರುವುದರಿಂದ ಬಿಸಿಲು ಮಳೆಗೆ ಅದರಷ್ಟು ತಾಳುವುದು ಕಡಿಮೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬಡಿಗೇರ ಕಾಕಾ ನಮ್ಮ ಹಿತ್ತಲಲ್ಲಿ ಬಿದ್ದಿದ್ದ ಮಾವನವರ ಕಾಲದ ಬಂಡಿ ನೋಡಿ, “ಮನ್ಯಾಗ ಜಾಲಿ ಇಟಗೊಂಡು ತೇಗ ಯಾಕ ಕೇಳ್ತೀಯವಾ?” ಎಂದರು. ಕರಿಜಾಲಿ ಭಾರ, ಉಳಿಗೆ ಬಗ್ಗದು, ಅದಕ್ಕೇ ತಾನೇ ಗಾಲಿಗೆ ಬಳಸುತ್ತಿದ್ದುದು. ಹಳೆಯ ಮರದಲ್ಲಿ ಇನ್ನೊಂದು ಲಾಭ: ಒಣಗಿ, ಡೊಂಕಾಗುವಷ್ಟು ಎಂದೋ ಆಗಿ ಮುಗಿದಿರುತ್ತದೆ. ಬೇವನ್ನಾದರೂ ಹಸಿಯಾಗಿ ಕೊಯ್ಸಿ ಕೂಡಲೇ ಬಳಸಿದರೆ ಸೊಟ್ಟಗಾಗುತ್ತದೆ. ಹಲಗೆಯಲ್ಲಿ ನಡುವಿನ ಕಪ್ಪು ಕೆಚ್ಚನ್ನು ಇಟ್ಟು, ಅಂಚಿನ ಬಿಳಿ ಭಾಗ ಕೊರೆದು ತೆಗೆಸಿ. ಹುಳ, ಗೆದ್ದಲು ಮೊದಲು ಹತ್ತುವುದು ಆ ಬಿಳಿಗೇ.

ಕಾಕಾ ಕೇಳುವ ಮೊದಲೇ ಅತ್ತೆಯವರು ಕುಳಿತಾಗ ಪಾದ ನೆಲಕ್ಕೆ ಪೂರ್ತಿ ಊರುವ ಎತ್ತರ ಅಳೆದುಕೊಟ್ಟೆ, ಹದಿನೇಳು ಇಂಚು ಬಂತು. ಎರಡೂ ಕಡೆ ಕೈ ಬೇಕೇ ಬೇಕೆಂದೆ. ಮೊಣಕಾಲು ನೋಯುವವರು ಏಳುವುದು ಕೈಯ ಬಲದಿಂದ. ಹೊರಸು ಎಷ್ಟೇ ಹಾಯಾಗಿರಲಿ, ಹಗ್ಗ ಜೋತುಬಿದ್ದರೆ ಅದರಿಂದ ಏಳಲು ಇಬ್ಬರು ಎಬ್ಬಿಸಬೇಕು. ಬೆಂಚಿನ ನಾಲ್ಕು ಕಾಲಿನ ಕೆಳಗೂ ಕಲ್ಲಿನ ಬಿಲ್ಲೆ ಇಟ್ಟಿದ್ದೇವೆ, ಮಣ್ಣಿಗೆ ತಾಗಿದರೆ ಗೆದ್ದಲಿಗೆ ಏಣಿ ಹಾಕಿಕೊಟ್ಟಂತೆ. ವಾರಕ್ಕೊಮ್ಮೆ ಬಗ್ಗಿ ನೋಡಿ, ಮಣ್ಣಿನ ಗೆರೆ ಕಂಡರೆ ಕೆರೆದು ಹಾಕುತ್ತೇನೆ.

ವರ್ಷಕ್ಕೆರಡು ಸಲ, ಬೇಸಿಗೆಗೆ ಮುಂಚೆ ಮತ್ತು ಮಳೆಗಾಲ ಕಳೆದ ಮೇಲೆ, ಬಣ್ಣದಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಬೇಕು. ಒರೆಸಿದ ಬಟ್ಟೆಯ ವಿಷಯದಲ್ಲಿ ಎಚ್ಚರ, ಅಕ್ಕತಂಗಿಯರೇ! ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಎಣ್ಣೆ ಒಣಗುವಾಗ ತಾನೇ ಕಾದು, ಕಡ್ಡಿ ಗೀರದೆಯೂ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಪೂರ್ತಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಬೆಂಚು ಈಗ ಬೇವಿನ ಮರದ ಕೆಳಗಿದೆ. ಎದುರುಮನೆಯವರು ಬಂದರೆ ಅತ್ತೆಯವರು ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ಮೊದಲ ದಿನ ಕುಳಿತವರು ಹಲಗೆ ಸವರಿ ನೋಡಿ, “ಇದು ನಿಮ್ಮ ಮಾವನ ಬಂಡೀದಲ್ಲೇನು?” ಎಂದರು. ಹೌದೆಂದೆ. ಆ ಸಂಜೆ ಊಟಕ್ಕೆ ಕರೆದರೂ ಬೇಗ ಒಳಗೆ ಬರಲಿಲ್ಲ.