ಮಕ್ಕಳ ಮೂತ್ರಪಿಂಡ ಮತ್ತು ಸಿ-3 ಪರೀಕ್ಷೆ

ಮಳೆಗಾಲ ಬಂತೆಂದರೆ ಬದಿಯಡ್ಕ, ಮಂಜೇಶ್ವರದ ಕಡೆಯ ನಮ್ಮ ತೋಟದ ಮನೆಗಳಲ್ಲಿ ಮಕ್ಕಳ ಕಾಲಿಗೆ ಕಜ್ಜಿ, ಕೀವಿನ ಹುಣ್ಣು ಆಗುವುದುಂಟು. ಅಡಿಕೆಗೆ ಮದ್ದು ಬಿಡಲು ದಿನ ಎಣಿಸುವ ನಾವು ಇದಕ್ಕೆ ಅಷ್ಟು ಗಮನ ಕೊಡುವುದಿಲ್ಲ. ಹುಣ್ಣಾಗಿ 3-4 ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮಗುವಿನ ಮುಖ ಊದಿಕೊಂಡು, ಮೂತ್ರ ಕಡಿಮೆಯಾಗಿ, ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಅದು ಮೂತ್ರಪಿಂಡದ ಉರಿಯೂತವಿರಬಹುದು. ಗಂಟಲು ನೋವಿನ ನಂತರವೂ ಹೀಗಾಗುತ್ತದೆ. ರಕ್ತದೊತ್ತಡ ಏರಿ ಫಿಟ್ಸ್ ಬರುವ ಅಪಾಯವಿರುವುದರಿಂದ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಆಗ ಮಾಡಿಸುವ ರಕ್ತಪರೀಕ್ಷೆಗಳಲ್ಲಿ ಸಿ-3 ಎಂಬುದೂ ಒಂದು. ಏನಿದು? ನಮ್ಮ ರಕ್ತದಲ್ಲಿ 'ಕಾಂಪ್ಲಿಮೆಂಟ್' ಎಂಬ ಹೆಸರಿನ 30ಕ್ಕೂ ಹೆಚ್ಚು ಪ್ರೋಟೀನುಗಳ ಕಾವಲು ಪಡೆಯಿದೆ. ರೋಗಾಣು ಒಳಹೊಕ್ಕಾಗ ಇವು ಒಂದನ್ನೊಂದು ಎಬ್ಬಿಸುತ್ತಾ ಹೋಗಿ, ಕೊನೆಗೆ ರೋಗಾಣುವಿನ ಹೊರಪೊರೆಗೇ ತೂತು ಕೊರೆಯುತ್ತವೆ. ಈ ಸರಪಳಿಯ ನಡುವಿನ ಕೊಂಡಿಯೇ ಸಿ-3. ರೋಗಾಣುವಿನ ಅಂಶಗಳು ಮೂತ್ರಪಿಂಡದ ಸೋಸುವ ಜಾಲರಿಯಲ್ಲಿ ಸಿಕ್ಕಿಕೊಂಡರೆ ಕಾವಲಿನವರ ಕಾದಾಟ ಅಲ್ಲಿಯೇ ನಡೆದು, ಬೇಲಿಯೇ ಎದ್ದು ಹೊಲ ಮೇಯ್ದಂತೆ ಜಾಲರಿ ಹಾಳಾಗುತ್ತದೆ. ಸಿ-3 ಖರ್ಚಾಗಿ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ.

ಹೆಚ್ಚಿನ ಮಕ್ಕಳು ಉಪ್ಪು-ನೀರಿನ ಪಥ್ಯ ಮತ್ತು ರಕ್ತದೊತ್ತಡದ ಮದ್ದಿನಿಂದಲೇ ಗುಣವಾಗುತ್ತಾರೆ. ಸಿ-3 ಕೂಡಾ 6ರಿಂದ 8 ವಾರಗಳಲ್ಲಿ ಮೊದಲಿನಂತಾಗುತ್ತದೆ. ಊತ ಇಳಿಯಿತಲ್ಲ, ಇನ್ನು ಆಸ್ಪತ್ರೆ ಯಾಕೆ ಎಂದು ಸುಮ್ಮನಾಗಬಾರದು. ಮೊದಲ ಪರೀಕ್ಷೆಯ ಚೀಟಿಯನ್ನು ತೆಗೆದಿಟ್ಟು, 8 ವಾರಗಳ ನಂತರ ಮತ್ತೊಮ್ಮೆ ಸಿ-3 ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕು. 3 ತಿಂಗಳಾದರೂ ಸಿ-3 ಏರದಿದ್ದರೆ, ಕಾವಲು ಪಡೆಗೆ ಕಡಿವಾಣವೇ ತಪ್ಪಿದ 'ಸಿ-3 ಗ್ಲೊಮೆರುಲೋಪತಿ' ಎಂಬ ರೋಗವನ್ನು ಶಂಕಿಸಬೇಕಾಗುತ್ತದೆ. ಅಪರೂಪದ ರೋಗವಿದು, ಆದರೆ ವರ್ಷಗಳು ಕಳೆದಂತೆ ಡಯಾಲಿಸಿಸ್‌ವರೆಗೆ ಒಯ್ಯಬಲ್ಲದು. ಮೂತ್ರಪಿಂಡದ ಚಿಕ್ಕ ತುಣುಕನ್ನು ಸೂಜಿಯಿಂದ ತೆಗೆದು ನೋಡಿದರೆ ಮಾತ್ರ ಖಚಿತವಾಗುತ್ತದೆ. ಅದಕ್ಕೆ ಮಂಗಳೂರಿನ ಮೂತ್ರಪಿಂಡ ತಜ್ಞರನ್ನು ಕಾಣಬೇಕಾದೀತು.

ಈ ರೋಗಕ್ಕೆಂದೇ ಒಪ್ಪಿಗೆ ಪಡೆದ ಮದ್ದು ಬಹುಕಾಲ ಇರಲಿಲ್ಲ. 2025ರಲ್ಲಿ ಅಮೆರಿಕದಲ್ಲಿ ಎರಡಕ್ಕೆ ಒಪ್ಪಿಗೆ ಸಿಕ್ಕಿತು: ದೊಡ್ಡವರಿಗೆ ಇಪ್ಟಕೋಪಾನ್ ಎಂಬ ಗುಳಿಗೆ, 12 ವರ್ಷ ತುಂಬಿದವರಿಗೆ ಪೆಗ್‌ಸೆಟಕೋಪ್ಲಾನ್ ಎಂಬ ಚುಚ್ಚುಮದ್ದು. ಎರಡೂ ಸಿ-3ರ ಹಂತದಲ್ಲಿಯೇ ಸರಪಳಿಯನ್ನು ತಡೆಯುತ್ತವೆ. ಬೆಲೆ ಮಾತ್ರ ರೈತರ ಕೈಗೆ ಎಟುಕುವಂಥದ್ದಲ್ಲ. ಕಾವಲನ್ನೇ ತಗ್ಗಿಸುವ ಮದ್ದುಗಳಾದ್ದರಿಂದ, ಶುರುಮಾಡುವ ಮೊದಲು ಮೆನಿಂಜೈಟಿಸ್ ಮತ್ತು ನ್ಯುಮೋನಿಯಾ ರೋಗಾಣುಗಳ ವಿರುದ್ಧ ಲಸಿಕೆ ಹಾಕಿಸಬೇಕು. ಆಮೇಲೆ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರುವಂತಿಲ್ಲ.